ತಾರಸಿಯ ಮೇಲೆ ಕಾಯುವ ಹಬ್ಬ

ಮಕ್ಕಳೇ, ಗೋಡೆಯ ಮೇಲಿರುವ ಕ್ಯಾಲೆಂಡರನ್ನು ಒಮ್ಮೆ ಕೆಳಗಿಳಿಸಿ. 2026ರ ಮಾರ್ಚ್ ತಿಂಗಳ ಹಾಳೆ ತೆಗೆಯಿರಿ. 19ನೇ ತಾರೀಖು ಗುರುವಾರ ಯುಗಾದಿ. ಯಾರು ಎಳೆದರೂ ಜಗ್ಗುವುದಿಲ್ಲ ಎನ್ನುವ ಹಾಗೆ ಕೂತಿದೆ. ಅಲ್ಲೇ ಒಂದೆರಡು ಮನೆ ಆಚೆಗೆ ‘ಖುತುಬ್-ಎ-ರಂಜಾನ್’ ಎಂದಿರುತ್ತದೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಳೆಯ ತುದಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತೂ ಇದೆ: ಚಂದ್ರದರ್ಶನಕ್ಕೆ ಅನುಸಾರವಾಗಿ ಬದಲಾಗಬಹುದು.

ಮೊನ್ನೆ ನನ್ನ ಮೊಮ್ಮಗಳು ಮೂಗು ತಾಗುವಷ್ಟು ಹತ್ತಿರ ಹೋಗಿ ಇದನ್ನು ಓದಿದಳು. ಐದನೇ ಕ್ಲಾಸಿನವಳು. ಪಕ್ಕದ ಮನೆಯ ಹುಡುಗಿಯೂ ಅದೇ ಕ್ಲಾಸು, ಅದೇ ಬೆಂಚು. ಹೊಸ ಬಟ್ಟೆ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಫೋಟೋ ತೆಗೆಸಿಕೊಳ್ಳಬೇಕೆಂದು ಗುಟ್ಟಾಗಿ ತೀರ್ಮಾನವಾಗಿತ್ತಂತೆ. ಯಾವ ದಿನ ಅಂತ ಕೇಳಿದರೆ ಆ ಹುಡುಗಿ, “ನಂಗೇ ಗೊತ್ತಿಲ್ಲ, ಚಾಂದ್ ಕಾಣ್ಬೇಕು” ಅಂದಳಂತೆ. ನನ್ನ ಮೊಮ್ಮಗಳಿಗೆ ರೇಗಿತು.

“ತಾತ, ನಮ್ ಹಬ್ಬ ನಿಂತಲ್ಲೇ ನಿಂತಿರುತ್ತೆ. ಅವರ ಹಬ್ಬ ಯಾಕೆ ವರ್ಷ ಪೂರ್ತಿ ಊರು ಸುತ್ತುತ್ತೆ?”

ಪ್ರಶ್ನೆ ಚೆನ್ನಾಗಿದೆ. ಮೂವತ್ತು ವರ್ಷ ಪಾಠ ಹೇಳಿದರೂ ಯಾವ ಹುಡುಗನೂ ನನಗಿದನ್ನು ಕೇಳಿರಲಿಲ್ಲ. ಅಜ್ಜ ಅಜ್ಜಿಯರೇ, ನೀವೂ ಪಕ್ಕಕ್ಕೆ ಬಂದು ಕೂತುಕೊಳ್ಳಿ. ಈ ಲೆಕ್ಕಕ್ಕೆ ನಿಮ್ಮ ನೆನಪು ಬೇಕಾಗುತ್ತದೆ.

ಮೊದಲು ಆ ‘ಖುತುಬ್’ ಪದದ ವಿಷಯ ಮುಗಿಸಿಬಿಡೋಣ. ಹಬ್ಬದ ಬೆಳಿಗ್ಗೆ ಈದ್ಗಾ ಮೈದಾನದಲ್ಲಿ ನಮಾಜು ಮುಗಿದ ಮೇಲೆ ಇಮಾಮರು ನಿಂತು ಮಾಡುವ ಪ್ರವಚನಕ್ಕೆ ಖುತ್ಬಾ ಎನ್ನುತ್ತಾರೆ. ಅದು ಸರ್ಕಾರಿ ಪಟ್ಟಿಗೆ ಹೋಗಿ ಖುತುಬ್ ಆಗಿದೆ. ಹಬ್ಬದ ನಿಜವಾದ ಹೆಸರು ಈದ್-ಉಲ್-ಫಿತ್ರ್, ಅಂದರೆ ಉಪವಾಸ ಬಿಡುವ ಹಬ್ಬ. ರಂಜಾನ್ ಎನ್ನುವುದು ಉಪವಾಸದ ತಿಂಗಳ ಹೆಸರು. ನಾವು ತಿಂಗಳ ಹೆಸರನ್ನೇ ಹಬ್ಬಕ್ಕೂ ಇಟ್ಟುಕೊಂಡಿದ್ದೇವೆ. ಹಿಜರಿ ಪಂಚಾಂಗದಲ್ಲಿ ರಂಜಾನ್ ಒಂಬತ್ತನೆಯ ತಿಂಗಳು. ಹತ್ತನೆಯದು ಷವ್ವಾಲ್. ಷವ್ವಾಲಿನ ಮೊದಲ ದಿನವೇ ಈದ್.

ಈಗ ಪೆನ್ಸಿಲ್ಲು ತೆಗೆದುಕೊಳ್ಳಿ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಅಂಥ ಹನ್ನೆರಡು ತಿಂಗಳನ್ನು ಕೂಡಿಸಿದರೆ 354 ದಿನ. ಆದರೆ ಬೇಸಿಗೆಯಿಂದ ಬೇಸಿಗೆಗೆ 365 ದಿನ ಬೇಕು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ.

ಹನ್ನೊಂದು ದಿನ ಏನು ಮಹಾ ಅನ್ನಬೇಡಿ. ಮೂರು ವರ್ಷಕ್ಕೆ ಅದು ಒಂದು ತಿಂಗಳಾಗುತ್ತದೆ. ಹಾಗೇ ಬಿಟ್ಟಿದ್ದರೆ ನಮ್ಮ ಯುಗಾದಿಯೂ ಜಾರುತ್ತಾ ಜಾರುತ್ತಾ ಒಂದು ದಿನ ಮಾಗಿ ಚಳಿಯಲ್ಲಿ ಬಂದು ನಿಲ್ಲುತ್ತಿತ್ತು. ಮಾವಿನ ಚಿಗುರೂ ಇಲ್ಲ, ಬೇವಿನ ಹೂವೂ ಇಲ್ಲ! ನಮ್ಮ ಪಂಚಾಂಗದವರು ಹಾಗೆ ಬಿಡಲಿಲ್ಲ. ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳನ್ನು ಎರಡು ಸಲ ಎಣಿಸಿ ಜಾರಿದ್ದನ್ನು ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅದೇ ಅಧಿಕ ಮಾಸ. ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಹೀಗಾಗುತ್ತದೆ. ಹಾಗಾಗಿ ಯುಗಾದಿ ಮಾರ್ಚ್ ಏಪ್ರಿಲ್ ಬಿಟ್ಟು ಆಚೆಗೆ ಹೋಗುವುದಿಲ್ಲ. ಹಿಜರಿ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ. ಎಂದೆಂದಿಗೂ ಹನ್ನೆರಡೇ ತಿಂಗಳು. ಅದಕ್ಕೇ ರಂಜಾನ್ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಹಿಂದೆ ನಡೆಯುತ್ತಾ ಬೇಸಿಗೆ, ಚಳಿಗಾಲ, ಮಳೆಗಾಲ ಎಲ್ಲವನ್ನೂ ಸುತ್ತಿಬರುತ್ತದೆ. 2000ನೇ ಇಸವಿಯಲ್ಲಂತೂ ಈದ್ ಎರಡು ಸಲ ಬಂದಿತ್ತು, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ.

ಸುತ್ತುವುದರಲ್ಲಿ ಒಂದು ನ್ಯಾಯವೂ ಇದೆ ಎಂದು ನನಗನ್ನಿಸುತ್ತದೆ. ಉಪವಾಸ ಎಂದರೆ ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ಒಂದು ತೊಟ್ಟು ನೀರೂ ಇಲ್ಲ. ನಮ್ಮ ಮಾಗಡಿಯಲ್ಲಿ ಯಾವ ಕಾಲದಲ್ಲಿ ಮಾಡಿದರೂ ಅದು ಹದಿಮೂರು, ಹದಿನಾಲ್ಕು ಗಂಟೆ. ಆದರೆ ಲಂಡನ್ ಕಡೆ ಬೇಸಿಗೆಯಲ್ಲಿ ಬಂದರೆ ಹದಿನೆಂಟು ಗಂಟೆಗೂ ಹೆಚ್ಚು. ಚಳಿಗಾಲದಲ್ಲಿ ಅದೇ ಊರಿನಲ್ಲಿ ಹಗಲು ಚೋಟುದ್ದ. ತಿಂಗಳು ಒಂದೇ ಕಡೆ ನಿಂತಿದ್ದರೆ ಕೆಲವು ಊರಿನವರಿಗೆ ಯಾವಾಗಲೂ ಕಷ್ಟ, ಕೆಲವರಿಗೆ ಯಾವಾಗಲೂ ಸುಲಭ ಆಗುತ್ತಿತ್ತು. ಚಿಕ್ಕ ಮಕ್ಕಳಿಗೆ, ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಉಪವಾಸದ ಕಟ್ಟುನಿಟ್ಟಿಲ್ಲ. ಆದರೂ ಪಕ್ಕದ ಮನೆ ಹುಡುಗಿ ಈ ಸಲ ಹಟ ಹಿಡಿದು ಒಂದು ಭಾನುವಾರ ರೋಜಾ ಇದ್ದಳು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಜಗಲಿಗೆ ಬಂದು ಗಡಿಯಾರ ನೋಡಿ ಹೋದಳು. ಮೂರೂಕಾಲಿಗೆ ಮತ್ತೆ ಬಂದಳು. ಗಡಿಯಾರ ನಿಂತಿದೆಯೇನೋ ಅಂತ ಅನುಮಾನ.

ಇನ್ನೊಂದು ತಮಾಷೆ ಕೇಳಿ. ಸೂರ್ಯನ 33 ವರ್ಷಕ್ಕೆ ಚಂದ್ರನ 34 ವರ್ಷ ಸರಿಹೋಗುತ್ತದೆ. ನನಗೀಗ ಎಪ್ಪತ್ತೆರಡು. ಹಿಜರಿ ಲೆಕ್ಕದಲ್ಲಿ ಎಪ್ಪತ್ತನಾಲ್ಕು! ನಿಮ್ಮ ಅಜ್ಜಿಯ ವಯಸ್ಸನ್ನು 365ರಿಂದ ಗುಣಿಸಿ 354ರಿಂದ ಭಾಗಿಸಿ ನೋಡಿ. ಉತ್ತರವನ್ನು ಅಜ್ಜಿಗೆ ಹೇಳುವುದು ಬಿಡುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಈ 33 ಎಂಬ ಸಂಖ್ಯೆಯಲ್ಲೇ ನಾನು ಹೇಳಬೇಕಾದ ಕಥೆ ಇದೆ. ಸುತ್ತುವ ಹಬ್ಬ ನಿಂತಿರುವ ಹಬ್ಬದ ಮನೆ ಮುಂದೆ ಹಾದುಹೋಗಲೇಬೇಕಲ್ಲ? ಮೂವತ್ತೆರಡು, ಮೂವತ್ತಮೂರು ವರ್ಷಕ್ಕೊಮ್ಮೆ ಯುಗಾದಿಯ ಚಂದ್ರ, ಈದಿನ ಚಂದ್ರ ಎರಡೂ ಒಂದೇ ಆಗುತ್ತದೆ. ಎರಡು ಮೂರು ವರ್ಷ ಜೊತೆಯಲ್ಲಿ ಬಂದು ಆಮೇಲೆ ಬೇರೆಯಾಗುತ್ತವೆ. 2024, 2025 ಮತ್ತು ಈ ವರ್ಷ ಅಂಥ ಜೊತೆಯ ವರ್ಷಗಳು. ಇದಕ್ಕೆ ಹಿಂದೆ 1992, 93ರಲ್ಲಿ ಆಗಿತ್ತು. ಅದಕ್ಕೂ ಹಿಂದೆ 1960ರ ಆಸುಪಾಸಿನಲ್ಲಿ.

1960ರಲ್ಲಿ ನನಗೆ ಆರು ವರ್ಷ.

ಆಗ ಮಾಗಡಿಯಲ್ಲಿ ನಮ್ಮದು ಹೆಂಚಿನ ಮನೆ. ಪಕ್ಕದ ಸಾಹೇಬರ ಮನೆಗೂ ನಮಗೂ ನಡುವೆ ಒಂದು ಮಣ್ಣಿನ ಗೋಡೆ. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ದೊಡ್ಡ ಬೂಬಮ್ಮ ಎನ್ನುತ್ತಿದ್ದೆವು. ಮನೆಯಲ್ಲಿ ಅವರು ಮಾತಾಡುತ್ತಿದ್ದುದು ದಕ್ಖನಿ ಉರ್ದು, ನಮ್ಮ ಹತ್ತಿರ ಅಚ್ಚ ಮಾಗಡಿ ಕನ್ನಡ. ಹಬ್ಬಕ್ಕೆ ಹತ್ತು ದಿನ ಮೊದಲೇ ಅವರ ಜಗಲಿಯಲ್ಲಿ ಶಾವಿಗೆ ಒಣಗುತ್ತಿತ್ತು. ಕಾಗೆ ಓಡಿಸುವ ಕೆಲಸ ನನ್ನದು.

ಆ ಜಗಲಿಯಲ್ಲೇ ನಾನು ಫಿತ್ರಾ ನೋಡಿದ್ದು. ಹಬ್ಬದ ಹಿಂದಿನ ದಿನ ದೊಡ್ಡ ಬೂಬಮ್ಮ ಗೋಧಿ ಚೀಲ ಬಿಚ್ಚಿ, ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಗುಡ್ಡೆ ಅಳೆದು ಹಾಕುತ್ತಿದ್ದರು. ಈಗಿನ ಲೆಕ್ಕದಲ್ಲಿ ತಲೆಗೆ ಒಂದೂಮುಕ್ಕಾಲು ಕಿಲೋ ಆಸುಪಾಸು. ಈಗ ಹೆಚ್ಚಿನವರು ಅದರ ಬೆಲೆಯನ್ನು ದುಡ್ಡಿನಲ್ಲೇ ಕೊಡುತ್ತಾರೆ. ಇಲ್ಲದವರ ಮನೆಗೆ ಅದು ಈದಿನ ನಮಾಜಿಗೆ ಮೊದಲೇ ತಲುಪಬೇಕು. ನಮಾಜು ಮುಗಿದ ಮೇಲೆ ಕೊಟ್ಟರೆ ಅದು ಮಾಮೂಲಿ ದಾನ, ಫಿತ್ರಾ ಅಲ್ಲ. ಹಬ್ಬದ ದಿನ ಊರಿನಲ್ಲಿ ಯಾರ ಮನೆಯ ಒಲೆಯೂ ತಣ್ಣಗಿರಬಾರದು ಅಂತ ಈ ಏರ್ಪಾಡು. ಆ ವರ್ಷ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ನಾಲ್ಕು ದಿನವೋ ಐದು ದಿನವೋ. ಅದರ ಹೆಸರಿಗೂ ಒಂದು ಗುಡ್ಡೆ ಬಿತ್ತು. “ಹಲ್ಲೇ ಇಲ್ಲ, ಅದಕ್ಕ್ಯಾಕೆ ಗೋಧಿ?” ಅಂದೆ. “ಅದು ತಿನ್ನಕ್ಕಲ್ಲ ಕಣೋ, ಕೊಡಕ್ಕೆ” ಅಂದರು.

ಆ ಯುಗಾದಿ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಸಂಕ್ರಾಂತಿ ಹೊತ್ತಿಗೆ ತಾತ ತೀರಿಕೊಂಡಿದ್ದರು. ಸತ್ತ ವರ್ಷ ಹಬ್ಬ ಮಾಡುವ ಹಾಗಿಲ್ಲ. ಬಾಗಿಲಿಗೆ ತೋರಣ ಕಟ್ಟಲಿಲ್ಲ, ಒಬ್ಬಟ್ಟಿಗೆ ಬೇಳೆ ಬೇಯಲಿಲ್ಲ. ಬೀದಿಯ ಹುಡುಗರೆಲ್ಲ ಎಣ್ಣೆ ನೀರು ಹಾಕಿಕೊಂಡು ಹೊಸ ಚಡ್ಡಿಯಲ್ಲಿ ಓಡಾಡುತ್ತಿದ್ದರೆ ನಾನು ಹಿತ್ತಿಲಲ್ಲಿ ಕೂತಿದ್ದೆ. ಸಂಜೆ ಎಲ್ಲರೂ ಯುಗಾದಿ ಚಂದ್ರನನ್ನು ನೋಡಲು ಬೀದಿಗೆ ಬಂದರು. ಚಂದ್ರನ ಯಾವ ಕೋಡು ಎತ್ತರ ಇದೆ ನೋಡಿ ಈ ವರ್ಷ ಮಳೆ ಹೇಗೆ, ರಾಗಿ ಹೇಗೆ ಎಂದು ಹಿರಿಯರು ವಾದ ಮಾಡುತ್ತಿದ್ದರು. ಗೋಡೆಯ ಆಚೆಯಿಂದಲೂ ಕೂಗು ಎದ್ದಿತು. ಅವರದ್ದೂ ಅದೇ ಚಂದ್ರ. ನಮ್ಮಜ್ಜಿ ಮಾತ್ರ ಹೊರಗೆ ಬರಲಿಲ್ಲ.

ಮಾರನೇ ಬೆಳಿಗ್ಗೆ ದೊಡ್ಡ ಬೂಬಮ್ಮ ತಟ್ಟೆ ತಂದರು. ಇಲ್ಲಿ ಒಂದು ವಿಷಯ ನಿಮಗೆ ಮುಚ್ಚಿಡದೆ ಹೇಳಬೇಕು, ಮಕ್ಕಳೇ. ಆ ಕಾಲದಲ್ಲಿ ನಮ್ಮಂಥ ಎಷ್ಟೋ ಮನೆಗಳಲ್ಲಿ ಅವರು ಬೇಯಿಸಿದ್ದನ್ನು ತಿನ್ನುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಹಬ್ಬದ ದಿನ ಬೇಯಿಸದ ಪದಾರ್ಥಗಳನ್ನು ಕಳಿಸುತ್ತಿದ್ದರು. ಒಂದು ಹಿಡಿ ಶಾವಿಗೆ, ಸಕ್ಕರೆ, ಗೋಡಂಬಿ, ದ್ರಾಕ್ಷಿ, ನಾಲ್ಕು ಖರ್ಜೂರ, ಮೇಲೊಂದು ಕಸೂತಿ ಬಟ್ಟೆ. ನೀವೇ ಮಾಡಿಕೊಂಡು ತಿನ್ನಿ ಅಂತ. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆಗ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಅಜ್ಜಿ ತಟ್ಟೆ ಇಸಕೊಂಡಳು. “ಈ ವರ್ಷ ನಮ್ಮನೇಲಿ ಸಿಹಿ ಮಾಡಂಗಿಲ್ಲ ಬೂಬಮ್ಮ,” ಅಂದವಳೇ ಅದನ್ನು ಗೂಡಿನ ಮೇಲಿಟ್ಟಳು. ನನ್ನ ಎತ್ತರಕ್ಕೆ ಸಿಗದ ಗೂಡು. ನಾನು ಆ ಗೂಡನ್ನೇ ನೋಡುತ್ತಿದ್ದೆ. ದೊಡ್ಡ ಬೂಬಮ್ಮ ನನ್ನನ್ನು ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಕರೆ ಬಂತು, ಕಾಗೆ ಓಡಿಸಕ್ಕೆ ಬಾರೋ ಮರಿ ಅಂತ. ಹೋದೆ. ಒಣಹಾಕಿದ್ದು ಏನೂ ಇರಲಿಲ್ಲ, ಕಾಗೆಯೂ ಇರಲಿಲ್ಲ. ಹಿತ್ತಿಲ ಒಲೆಯ ಮುಂದೆ ಕೂರಿಸಿ ಒಂದು ಲೋಟ ಶೀರ್ ಖುರ್ಮಾ ಕೈಗೆ ಕೊಟ್ಟರು. ಹಾಲಿನಲ್ಲಿ ಬೆಂದ ಶಾವಿಗೆ, ತೆಳ್ಳಗೆ ಹೆಚ್ಚಿದ ಖರ್ಜೂರ, ತುಪ್ಪದಲ್ಲಿ ಹುರಿದ ದ್ರಾಕ್ಷಿ. ಪಾರಸಿ ಭಾಷೆಯಲ್ಲಿ ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ನನಗೆ ಹೆದರಿಕೆ. “ನಮ್ಮನೇಲಿ ಸೂತಕ” ಅಂದೆ.

“ಮಕ್ಕಳಿಗೆ ಸೂತಕ ಇಲ್ಲ. ಕುಡಿ.”

ಕುಡಿದೆ. ಇನ್ನೊಂದು ಲೋಟವನ್ನೂ ಕುಡಿದೆ. ಹೊರಡುವಾಗ ಈದಿ ಅಂತ ಐದು ನಯಾಪೈಸೆ ಅಂಗೈಯಲ್ಲಿಟ್ಟು ಮುಚ್ಚಿದರು. ಹಬ್ಬದ ದಿನ ದೊಡ್ಡವರು ಮಕ್ಕಳಿಗೆ ಕೊಡುವ ಕಾಸಿಗೆ ಈದಿ ಎನ್ನುತ್ತಾರೆ.

ಮನೆಗೆ ಬಂದರೆ ಅಜ್ಜಿ ಬಾಗಿಲಲ್ಲೇ ಇದ್ದಳು. ನನ್ನ ಮುಖವನ್ನೇ ನೋಡಿದಳು. ಮೇಲ್ದುಟಿಯ ಮೇಲೆ ಹಾಲಿನ ಮೀಸೆ ಹಾಗೇ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಅವಳು ಸೆರಗಿನ ತುದಿಯಿಂದ ನನ್ನ ತುಟಿ ಒರೆಸಿ, ಏನೂ ಕೇಳದೆ ಒಳಗೆ ಹೋದಳು.

ಮುಂದೆ ತಿರುಮಲೆಯ ರಂಗನಾಥಸ್ವಾಮಿ ಜಾತ್ರೆ ಬಂದಾಗ ಅಜ್ಜಿ ತಾನಾಗಿಯೇ, “ಆ ಐದು ಪೈಸೆ ಎಲ್ಲಿಟ್ಟಿದ್ದೀಯ? ತಗೊಂಡ್ ಬಾ” ಅಂದಳು. ಅವಳಿಗೆ ಎಲ್ಲವೂ ಗೊತ್ತಿತ್ತು! ಇನ್ನೊಂದು ಐದು ಪೈಸೆ ತಾನು ಸೇರಿಸಿ ನನಗೆ ಚನ್ನಪಟ್ಟಣದ ಬುಗುರಿ ಕೊಡಿಸಿದಳು. ಹಾಲೆಮರದ ಬುಗುರಿ, ಕೆಂಪು ಹಳದಿ ಅರಗಿನ ಬಣ್ಣ. ಚಕ್ರದ ಮೇಲೆ ಮರ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹಿಡಿಯುತ್ತದೆ. ಆ ಹೊಳಪು ಬೇಗ ಮಾಸುವುದಿಲ್ಲ. ಬುಗುರಿ ಏಳನೇ ಕ್ಲಾಸಿನವರೆಗೂ ನನ್ನ ಹತ್ತಿರ ಇತ್ತು. ಆಮೇಲೆ ಯಾರೋ ಹೊಡೆದುಕೊಂಡರು.

ನಮ್ಮ ಸೀಮೆಯಲ್ಲಿ ಎರಡು ಮನೆಗಳ ನಡುವಿನ ಈ ಓಡಾಟಕ್ಕೆ ಕೆಲಸವೂ ಒಂದು ಕಾರಣ ಅಂತ ಕಾಣುತ್ತದೆ. ಮಾಗಡಿ, ಕನಕಪುರದ ಕಡೆ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ರೇಷ್ಮೆಹುಳು ಸಾಕುತ್ತಾರೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಹರಾಜಿನಲ್ಲಿ ಅದನ್ನು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಬಹಳ ಜನ ಮುಸ್ಲಿಮರು. ಹುಳುವಿಗೆ ಯುಗಾದಿಯೂ ಇಲ್ಲ, ಈದೂ ಇಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಗೂಡನ್ನೂ ಬಹಳ ದಿನ ಇಡುವ ಹಾಗಿಲ್ಲ, ಚಿಟ್ಟೆ ಕೊರೆದುಕೊಂಡು ಹೊರಗೆ ಬಂದರೆ ಎಳೆ ತುಂಡು ತುಂಡಾಗುತ್ತದೆ. ಹಾಗಾಗಿ ಒಬ್ಬರ ಹಬ್ಬ ಯಾವಾಗ ಅಂತ ಇನ್ನೊಬ್ಬರು ಮೊದಲೇ ಕೇಳಿಟ್ಟುಕೊಳ್ಳಬೇಕು.

1993ರಲ್ಲಿ ಮತ್ತೆ ಎರಡು ಚಂದ್ರರು ಒಂದಾದರು. ಆಗ ನಾನೇ ಮೇಷ್ಟ್ರು, ಇಬ್ಬರು ಮಕ್ಕಳ ತಂದೆ. ದೇಶದಲ್ಲಿ ದೊಡ್ಡ ಗಲಭೆಗಳಾಗಿ ಕೆಲವೇ ತಿಂಗಳು ಕಳೆದಿತ್ತು. ನಮ್ಮೂರಿನಲ್ಲಿ ಏನೂ ಆಗಿರಲಿಲ್ಲ, ಆದರೂ ಪೇಪರು ಓದಿ ಓದಿ ಜನರ ಮಾತು ಕಡಿಮೆಯಾಗಿತ್ತು. ಯುಗಾದಿ ದಿನ ಬೇವುಬೆಲ್ಲದ ಬಟ್ಟಲು ಹಿಡಿದು ನಮ್ಮಮ್ಮ ನಡುಮನೆಯಲ್ಲಿ ಒಂದು ಗಳಿಗೆ ನಿಂತಳು. ಹೋಗಲೋ ಬೇಡವೋ ಅಂತ. ನಾನು ಏನೂ ಹೇಳಲಿಲ್ಲ, ಹೇಳಬೇಕಿತ್ತು. ಅವಳೇ ಸೆರಗು ಸರಿ ಮಾಡಿಕೊಂಡು ಹೋಗಿ ಕೊಟ್ಟು ಬಂದಳು. ಮಾರನೇ ದಿನ ಆ ಮನೆಯಿಂದ ಬಂದದ್ದು ಹಸಿ ಶಾವಿಗೆಯ ತಟ್ಟೆಯಲ್ಲ, ಮುಚ್ಚಳ ಹಾಕಿದ ಪಾತ್ರೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ನಾವೆಲ್ಲ ಕುಡಿದೆವು. ಅಮ್ಮನೂ ಕುಡಿದಳು.

ಈಗ ಆ ಮನೆಯ ಯಜಮಾನಿ ದೊಡ್ಡ ಬೂಬಮ್ಮನವರ ಸೊಸೆ. ನನಗಿಂತ ಎರಡು ವರ್ಷ ಚಿಕ್ಕವರು, ನನ್ನನ್ನು ‘ಮೇಷ್ಟ್ರಣ್ಣ’ ಎನ್ನುತ್ತಾರೆ. ಎರಡು ಮನೆಯೂ ತಾರಸಿ ಮನೆಯಾಗಿವೆ. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದಿದೆ.

ಹೋದ ವರ್ಷದ ಕಥೆ ಹೇಳದಿದ್ದರೆ ನನ್ನ ಮೊಮ್ಮಗಳು ಬಿಡುವುದಿಲ್ಲ. 2025ರ ಮಾರ್ಚ್ 30, ಭಾನುವಾರ ಯುಗಾದಿ. ಅವತ್ತು ಸಂಜೆಯೇ ಚಂದ್ರ ಕಂಡದ್ದರಿಂದ ಸೋಮವಾರ ಈದ್. ಸೋಮವಾರವೇ ನಮ್ಮ ಹೊಸತೊಡಕು ಕೂಡ. ಹೊಸತೊಡಕು ಗೊತ್ತಿಲ್ಲದ ದೂರದ ಓದುಗರಿಗೆ ಹೇಳುತ್ತೇನೆ: ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡೂಟ, ಇದು ನಮ್ಮ ಕಡೆಯ ಕಾನೂನು. ಬೀದಿಯವರೆಲ್ಲ ದುಡ್ಡು ಹಾಕಿ ಕುರಿ ತಂದು ಗುಡ್ಡೆ ಮಾಂಸ ಹಂಚಿಕೊಳ್ಳುವುದೂ ಉಂಟು. ಸೋಮವಾರ ಮಾಂಸ ಮುಟ್ಟದ ಮನೆಯವರು ಮಂಗಳವಾರಕ್ಕೆ ಹಾಕಿಕೊಂಡರು. ನಮ್ಮಂಥ ಆಸೆಬುರುಕರು ಸೋಮವಾರವೇ ಬೆಳಿಗ್ಗೆ ಪಾತ್ರೆ ಹಿಡಿದು ಮಟನ್ ಅಂಗಡಿ ಮುಂದೆ ಸಾಲು ನಿಂತೆವು.

ಅಂಗಡಿಗೆ ಬೀಗ! ಅಂಗಡಿಯವರು ನಮಾಜಿಗೆ ಈದ್ಗಾಗೆ ಹೋಗಿದ್ದರು. ಹೋಗದೆ ಇನ್ನೇನು? ಸಾಲಿನಲ್ಲಿದ್ದ ನಲವತ್ತು ಜನಕ್ಕೂ ಅದು ಹೊಳೆದೇ ಇರಲಿಲ್ಲ. ಒಬ್ಬರು ಗೊಣಗಿದರು, ಒಬ್ಬರು ನಕ್ಕರು, ಯಾರೋ ಟೀ ತರಿಸಿದರು. ಈದಿನ ನಮಾಜಿಗೆ ಒಂದು ದಾರ್‍ಯಲ್ಲಿ ಹೋಗಿ ಇನ್ನೊಂದು ದಾರ್‍ಯಲ್ಲಿ ಬರುವ ಪದ್ಧತಿ ಇದೆ, ಹೆಚ್ಚು ಜನರನ್ನು ಕಂಡು ಮಾತಾಡಿಸಲಿ ಅಂತ. ಅವತ್ತು ನಮ್ಮ ಪಾಲಿಗೆ ಅದು ಮುಗಿಯದ ದಾರಿಯಾಯಿತು. ಕೊನೆಗೆ ಹೊಸ ಟೋಪಿ, ಅತ್ತರಿನ ಘಮ ಹೊತ್ತು ಅಂಗಡಿಯವರು ಬಂದರು. ಸಾಲು ನೋಡಿ ಗಾಬರಿಯಾದರು. ಮುಂದೆ ನಿಂತಿದ್ದವರು ಪಾತ್ರೆ ಕೆಳಗಿಟ್ಟು ಅವರನ್ನು ತಬ್ಬಿಕೊಂಡರು. ಹಿಂದಿನವರಿಗೆ ಸುಮ್ಮನಿರಲಾದೀತೇ? ನಲವತ್ತು ಜನರೂ ತಬ್ಬಿ ಮುಗಿಸುವ ಹೊತ್ತಿಗೆ ಇನ್ನೂ ಕಾಲು ಗಂಟೆ. ಮನೆಗೆ ಹೋದಾಗ ಒಲೆ ಮೇಲಿಟ್ಟ ಮಸಾಲೆ ಆರಿ, ನನಗೆ ಮಂಗಳಾರತಿ ಆಯಿತು.

2024ರಲ್ಲಿ ಹೀಗಾಗಲಿಲ್ಲ. ಏಪ್ರಿಲ್ 9ಕ್ಕೆ ಯುಗಾದಿ, ಆದರೆ ಆ ಸಂಜೆ ಚಂದ್ರ ಹುಟ್ಟಿ ಹತ್ತೊಂಬತ್ತು ಗಂಟೆಯೂ ಆಗಿರಲಿಲ್ಲ. ಅಷ್ಟು ಎಳೆಯ ಚಂದ್ರ ಕಂಡರೆ ಕಂಡ, ಇಲ್ಲದಿದ್ದರೆ ಇಲ್ಲ. ಕೇರಳದಲ್ಲಿ ಕಂಡ ಸುದ್ದಿ ಬಂತು, ಮಂಗಳೂರು ಉಡುಪಿ ಕಡೆಯವರು 10ಕ್ಕೆ ಈದ್ ಮಾಡಿದರು. ಬೆಂಗಳೂರು, ಮಾಗಡಿಯಲ್ಲಿ 11ಕ್ಕೆ. ಒಂದೇ ರಾಜ್ಯದಲ್ಲಿ ಎರಡು ದಿನ ಹಬ್ಬ! ಹೀಗೆ ಗೊಂದಲ ಆಗಬಾರದೆಂದೇ ಬೆಂಗಳೂರಿನಲ್ಲಿ ಉಲೇಮಾಗಳ ಚಂದ್ರ ದರ್ಶನ ಸಮಿತಿ ಆ ಸಂಜೆ ಸೇರುತ್ತದೆ. ನೋಡಿದೆವು ಎಂದವರ ಮಾತನ್ನು ವಿಚಾರಿಸಿ ತೀರ್ಮಾನ ಹೇಳುತ್ತದೆ. ಅಲ್ಲಿಯವರೆಗೆ ಹಾಲು ಎಷ್ಟು ಲೀಟರ್ ತರಿಸಬೇಕು ಅಂತ ಮನೆಯವರಿಗೂ ತಿಳಿಯುವುದಿಲ್ಲ.

ಈ ವರ್ಷ ಏನಾಗಬಹುದು? ಉಪವಾಸ ಫೆಬ್ರುವರಿ 19ಕ್ಕೆ ಶುರುವಾಗಿದೆ. ಯುಗಾದಿಯ ಗುರುವಾರ ಬೆಳಿಗ್ಗೆ ಸುಮಾರು ಏಳು ಗಂಟೆಗೆ ಅಮಾವಾಸ್ಯೆ ಮುಗಿಯುತ್ತದೆ. ಅಂದರೆ ಆ ಸಂಜೆಗೆ ಚಂದ್ರನ ವಯಸ್ಸು ಬರೀ ಹನ್ನೆರಡು ಗಂಟೆ. ಬರಿಗಣ್ಣಿಗೆ ಸಿಗುವ ವಯಸ್ಸಲ್ಲ. ಶುಕ್ರವಾರ ಸಂಜೆ ಚೆನ್ನಾಗಿ ಕಾಣಬೇಕು, ಮೋಡ ಇಲ್ಲದಿದ್ದರೆ. ಹಾಗಾದರೆ ಶನಿವಾರ ಈದ್. ಇದು ಪೆನ್ಸಿಲ್ಲಿನ ಲೆಕ್ಕ ಅಷ್ಟೆ, ತೀರ್ಮಾನ ನನ್ನದಲ್ಲ.

ನೀವೂ ನೋಡಿ. ಮಾಗಡಿಯವರಾದರೆ ಸಾವನದುರ್ಗವನ್ನು ಬೆನ್ನಿಗೆ ಹಾಕಿಕೊಂಡು ಕುಣಿಗಲ್ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಸೂರ್ಯ ಪೂರ್ತಿ ಮುಳುಗುವವರೆಗೆ ಆ ಕಡೆ ದಿಟ್ಟಿಸಬೇಡಿ, ಕಣ್ಣಿಗೆ ಕೆಟ್ಟದ್ದು. ಮುಳುಗಿ ಇಪ್ಪತ್ತು ನಿಮಿಷ ಆದ ಮೇಲೆ, ಸೂರ್ಯ ಇಳಿದ ಜಾಗದ ಮೇಲ್ಗಡೆ ಕತ್ತರಿಸಿದ ಉಗುರಿನಂಥದ್ದೊಂದು ಗೆರೆ ಹುಡುಕಿ. ಈ ಕಾಲದಲ್ಲಿ ನಮ್ಮೂರಿನಿಂದ ನೋಡಿದರೆ ಅದು ನಿಂತ ಕುಡುಗೋಲಿನಂತೆ ಇರುವುದಿಲ್ಲ, ಎರಡು ಕೋಡೂ ಮೇಲಕ್ಕೆತ್ತಿದ ದೋಣಿಯಂತೆ ಮಲಗಿರುತ್ತದೆ. ಅಜ್ಜ ಅಜ್ಜಿಯರಿಗೆ ಕಾಣದಿದ್ದರೆ ಮೊಮ್ಮಕ್ಕಳ ತೋರುಬೆರಳಿನ ನೇರಕ್ಕೆ ನೋಡಬೇಕು. ಪೊರೆ ಬಂದ ನನ್ನ ಕಣ್ಣಿಗೆ ಹೋದ ವರ್ಷ ಚಂದ್ರನನ್ನು ತೋರಿಸಿದ್ದು ಪಕ್ಕದ ಮನೆಯ ಹುಡುಗಿಯೇ. ನನಗೆ ನಿಜವಾಗಿ ಕಂಡಿದ್ದು ಅವಳ ಬೆರಳು. ಕಂಡೆ ಕಂಡೆ ಅಂದುಬಿಟ್ಟೆ.

ಮುಂದಿನ ವರ್ಷ ಈ ಜೊತೆ ಇರುವುದಿಲ್ಲ. ಇದೇ ಮೇ 17ರಿಂದ ಅಧಿಕ ಜ್ಯೇಷ್ಠ ಮಾಸ ಬರುತ್ತದೆ, ಯುಗಾದಿಯನ್ನು ಒಂದು ತಿಂಗಳು ಮುಂದಕ್ಕೆ ತಳ್ಳುತ್ತದೆ. 2027ರಲ್ಲಿ ಈದ್ ಮಾರ್ಚ್ 10ರ ಸುಮಾರಿಗೆ, ಯುಗಾದಿ ಏಪ್ರಿಲ್ 7ಕ್ಕೆ. ಮತ್ತೆ ಎರಡೂ ಒಂದೇ ಚಂದ್ರನ ಕೆಳಗೆ ಬರುವುದು 2057ರ ಆಸುಪಾಸಿನಲ್ಲಿ.

ಇದನ್ನೆಲ್ಲ ಹೇಳಿ ಮುಗಿಸಿದಾಗ ತಾರಸಿಯ ಮೇಲೆ ನಾವು ನಾಲ್ಕು ಜನ ಇದ್ದೆವು. ನಾನು, ಗೋಡೆಯ ಆಚೆ ಸಂಡಿಗೆ ಎತ್ತುತ್ತಿದ್ದ ಪಕ್ಕದ ಮನೆಯಾಕೆ, ಎರಡು ಹುಡುಗಿಯರು. ಆಕೆ ಕೈ ನಿಲ್ಲಿಸಿ ಕೇಳಿಸಿಕೊಂಡರು.

“ಹಾಗಾದ್ರೆ ಮೇಷ್ಟ್ರಣ್ಣ, ನಮ್ಮಿಬ್ಬರಿಗೂ ಇದೇ ಕೊನೇದು ಅನ್ನಿ.”

“ಅಷ್ಟೇ ಕಣಮ್ಮ. ನನಗಾಗ ನೂರಾ ಮೂರು.”

“ಚಾಂದ್ ಲೆಕ್ಕದಲ್ಲಿ ನೂರಾ ಆರು ತಾತ!” ಅಂದಳು ಮೊಮ್ಮಗಳು. ಕಾಗದ ಪೆನ್ಸಿಲ್ಲು ಕೈಯಲ್ಲೇ ಇತ್ತು. ತಮ್ಮಿಬ್ಬರ ಲೆಕ್ಕವನ್ನೂ ಮಾಡಿದಳು. ನಲವತ್ತೊಂದು ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಷ್ಟು ವಯಸ್ಸು ಯಾರಿಗಾದರೂ ಆಗಲು ಸಾಧ್ಯವೇ ಎನ್ನುವ ಹಾಗೆ ನಕ್ಕರು. ಆಮೇಲೆ ಆ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಅಂಟಿಸಬೇಕೋ ಬೀರುವಿನ ಬಾಗಿಲಿಗೆ ಅಂಟಿಸಬೇಕೋ ಅಂತ ಚರ್ಚೆ ಶುರುವಾಯಿತು. ಕ್ಯಾಲೆಂಡರು ವರ್ಷ ಮುಗಿದರೆ ರದ್ದಿಗೆ ಹೋಗುತ್ತೆ, ಬೀರುವೇ ಸರಿ ಎಂದಳು ಪಕ್ಕದ ಮನೆಯವಳು.

“ಆವತ್ತು ಯಾರ ತಾರಸಿ ಮೇಲೆ ನಿಂತ್ಕೊಳೋದು?”

“ನಮ್ಮದೇ. ನಿಮ್ ತಾರಸಿಗೆ ಆ ತೆಂಗಿನಮರ ಅಡ್ಡ ಬರುತ್ತೆ.”